ಟ್ಯಾಂಕಿನ ಚೈನಿನ ಒಂದು ತುಂಡಿಗೆ ಏನನ್ನೋಣ: ಕೊಂಡಿ, ಕೀಲು, ಲಾಳ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಜೊತೆಗೆ ಇನ್ನೊಂದು ಸಣ್ಣ ಅನುಮಾನವೂ ಇದೆ. ಯಾಕೆ ಬೇಕಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

ಬೇಸಿಗೆ ರಜೆಗೆ ಅಕ್ಕನ ಮಗ ಬಂದಿದ್ದ. ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂನಲ್ಲಿ ಟಿ-55 ಟ್ಯಾಂಕ್ ನೋಡಿ ಬಂದಿದ್ದ. ಅದನ್ನೇ ಮಾಡಬೇಕು ಅಂತ ಹಟ. ಸರಿ, 1:35 ಅಳತೆಯ, ಅಂದರೆ ನಿಜವಾದದ್ದರ ಮೂವತ್ತೈದನೇ ಒಂದು ಪಾಲಿನ, ಪ್ಲಾಸ್ಟಿಕ್ ಕಿಟ್ ತಂದು ಇಬ್ಬರೂ ಕೂತು ಜೋಡಿಸಿದೆವು. ಹೊರಡುವ ದಿನ, "ಮಾವ, ಊರಲ್ಲಿ ಫ್ರೆಂಡ್ಸ್ ಜೊತೆ ಇನ್ನೊಂದು ಮಾಡ್ತೀನಿ. ಹೇಗೆ ಮಾಡೋದು ಅಂತ ಎಲ್ಲಾ ಕನ್ನಡದಲ್ಲಿ ಬರೆದುಕೊಡಿ" ಅಂದ. ಬರೆಯಲು ಕೂತೆ. ಗಾಲಿ, ತೋಪಿನ ಕೊಳವೆ ಎಲ್ಲ ಸಲೀಸಾಗಿ ಬಂತು. ಗಾಲಿಗಳನ್ನು ಸುತ್ತಿಕೊಂಡಿರುತ್ತದಲ್ಲ, ಆ ಕಬ್ಬಿಣದ ಪಟ್ಟಿ, ಅದರ ಹತ್ತಿರ ಪೆನ್ನು ನಿಂತಿತು.

ಟ್ರ್ಯಾಕ್ ಅನ್ನುವುದನ್ನು ಹಳಿ ಎಂದು ಬರೆದರೆ ರೈಲು ಕಣ್ಣ ಮುಂದೆ ಬರುತ್ತದೆ. ಹಳಿ ನೆಲದಲ್ಲಿ ಬಿದ್ದಿರುತ್ತದೆ, ಗಾಡಿ ಅದರ ಮೇಲೆ ಹೋಗುತ್ತದೆ. ಟ್ಯಾಂಕಾದರೋ ತನ್ನ ದಾರಿಯನ್ನು ತಾನೇ ಮುಂದೆ ಹಾಸಿಕೊಂಡು, ಹಿಂದಿನಿಂದ ಸುತ್ತಿಕೊಂಡು ಹೋಗುತ್ತದೆ. ಸರಪಳಿ ಅಂದರೆ ಕಟ್ಟಿಹಾಕುವ ಸರಪಳಿಯೇ ನೆನಪಾಗುತ್ತದೆ. ಆದರೆ ಇದಕ್ಕೆ ಜನ ಆಗಲೇ ಒಂದು ಹೆಸರು ಇಟ್ಟಿದ್ದಾರೆ. ಕೆರೆ ಹೂಳು ತೆಗೆಯಲು ಮಿಷನ್ ಕರೆಸುವಾಗ ಟೈರ್ ಗಾಡಿ ಬೇಕಾ, ಚೈನ್ ಗಾಡಿ ಬೇಕಾ ಅಂತಲೇ ಕೇಳುತ್ತಾರೆ. ಟೈರಿನದು ಕೆಸರಲ್ಲಿ ಹೂತುಕೊಳ್ಳುತ್ತದೆ, ಚೈನಿನದು ಭಾರವನ್ನು ಅಗಲಕ್ಕೆ ಹಂಚಿಕೊಂಡು ಮೇಲೆಯೇ ನಿಲ್ಲುತ್ತದೆ. ಹಾಗಾಗಿ ನಾನು ಚೈನು ಎಂದೇ ಬರೆದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಇಲ್ಲೇ ಇನ್ನೊಂದು ಮಾತು. ಪತ್ರಿಕೆಗಳಲ್ಲಿ 'ಯುದ್ಧ ಟ್ಯಾಂಕರ್' ಅಂತ ಆಗಾಗ ಓದುತ್ತೇವೆ. ಟ್ಯಾಂಕರ್ ಅಂದರೆ ನೀರು, ಹಾಲು, ಪೆಟ್ರೋಲ್ ಸಾಗಿಸುವ ಲಾರಿ. ಇದು ಟ್ಯಾಂಕ್ ಅಷ್ಟೆ. ಈ ಹೆಸರು ಬಂದದ್ದು ಮಾತ್ರ ನೀರಿನಿಂದಲೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಈ ಯಂತ್ರವನ್ನು ಗುಟ್ಟಾಗಿ ಕಟ್ಟುತ್ತಿದ್ದಾಗ, ಇದು ನೀರಿನ ಟ್ಯಾಂಕ್ ಅಂತ ಹೇಳಿಕೊಂಡರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನಲ್ಲಿ ಅದು ಮೊದಲ ಸಲ ಯುದ್ಧಕ್ಕಿಳಿಯಿತು. ಹೆಸರು ಹಾಗೇ ಉಳಿಯಿತು.

ಈಗ ನನ್ನ ಪ್ರಶ್ನೆ. ಚೈನಿನ ಒಂದೊಂದು ತುಂಡಿಗೆ ಏನು ಹೇಳುವುದು? ಟಿ-55ರ ಹಳೇ ಮಾದರಿಯ ಚೈನಿನಲ್ಲಿ ಒಂದು ಬದಿಗೆ 90 ತುಂಡು. ನಿಜವಾದದ್ದು 580 ಮಿ.ಮೀ. ಅಗಲ. ನಮ್ಮ ಮಾದರಿಯಲ್ಲಿ ಅದು 16-17 ಮಿ.ಮೀ. ಆಗುತ್ತದೆ, ಉದ್ದ ಸುಮಾರು ನಾಲ್ಕು ಮಿ.ಮೀ. ಅಷ್ಟೇ. ಕಿಟ್ಟುಗಳಲ್ಲಿ ಇದು ಬೇರೆ ಬೇರೆ ಥರ ಬರುತ್ತದೆ. ಕೆಲವದರಲ್ಲಿ ಇಡೀ ಚೈನು ಒಂದೇ ರಬ್ಬರಿನಂಥ ಪಟ್ಟಿ, ಸುಮ್ನೆ ಸುತ್ತಿದರೆ ಮುಗಿಯಿತು. ನಮ್ಮದರಲ್ಲಿ ಎಲ್ಲವೂ ಬಿಡಿ ಬಿಡಿ. ನೂರ ಎಂಬತ್ತನ್ನೂ ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿ, ಉಜ್ಜಿ, ಒಂದಕ್ಕೊಂದು ಕೂರಿಸಬೇಕು.

ನಾನು ಮೊದಲು ಕೊಂಡಿ ಅಂತ ಬರೆದೆ. ಸರಪಳಿಯ ಕೊಂಡಿ ಅನ್ನುತ್ತೇವೆ, ಇಂಟರ್ನೆಟ್ಟಿನ ಲಿಂಕಿಗೂ ಕೊಂಡಿ ಅನ್ನುತ್ತೇವೆ. ಹುಡುಗ ಒಂದು ತುಂಡನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದ. "ಮಾವ, ಕೊಂಡಿ ಅಂದ್ರೆ ಚೇಳಿನ ಕೊಂಡಿ ಥರ ಬಾಗಿರಬೇಕು ಅಲ್ವಾ? ಇದು ಬಾಗಿಲ ಕೀಲಿನ ಥರ ಇದೆ" ಅಂದ. ನೋಡಿದರೆ ಅವನು ಹೇಳಿದ್ದೇ ಸರಿ. ಚಪ್ಪಟೆ ತುಂಡು. ಎರಡೂ ಅಂಚಿಗೆ ಬೆರಳಿನಂಥ ಗಿಡ್ಡ ಕೊಳವೆಗಳು. ಒಂದರ ಬೆರಳು ಇನ್ನೊಂದರ ಸಂದಿಯಲ್ಲಿ ಕೂರುತ್ತದೆ, ನಡುವೆ ಒಂದು ಪಿನ್ನು ಹಾಯುತ್ತದೆ. ಅಚ್ಚುಕಟ್ಟಾದ ಬಾಗಿಲ ಕೀಲು.

ಆದರೆ ಕೀಲು ಅನ್ನುವುದು ಸಂದಿಗೆ ಸರಿ, ಒಳಗೆ ಹಾಯುವ ಪಿನ್ನಿಗೂ ಸರಿ. ಗಾಡಿಯ ಗಾಲಿ ಜಾರದಂತೆ ಅಚ್ಚಿನ ತುದಿಗೆ ಹೊಡೆಯುವುದು ಕಡೆಗೀಲು, ಅದೂ ಪಿನ್ನೇ. ಎರಡನೇ ಮಹಾಯುದ್ಧದ ಟಿ-34ರ ಕಥೆ ಇಲ್ಲಿ ನೆನಪಾಗುತ್ತದೆ. ಅದರ ಪಿನ್ನಿಗೆ ಒಳಬದಿಯಲ್ಲಿ ಮಾತ್ರ ತಲೆ, ಹೊರಬದಿಯಲ್ಲಿ ತಡೆಯೇ ಇಲ್ಲ. ಓಡುತ್ತಾ ಓಡುತ್ತಾ ಪಿನ್ನು ಟ್ಯಾಂಕಿನ ಮೈ ಕಡೆಗೆ ಸರಿದು ಬರುತ್ತಿತ್ತು. ಮೈಗೆ ಬೆಸೆದ ಒಂದು ಓರೆ ತಗಡು ಅದರ ತಲೆಯನ್ನು ತಟ್ಟಿ ವಾಪಸ್ಸು ಕೂರಿಸುತ್ತಿತ್ತು. ಇದನ್ನು 'ಕಡೆಗೀಲಿಲ್ಲದ ಕೀಲು' ಅಂತ ಬರೆದರೆ ನಮ್ಮ ಹಳ್ಳಿಯವರಿಗೆ ತಟ್ಟನೆ ಅರ್ಥವಾಗುತ್ತದೆ. ಹಾಗಾಗಿ ಕೀಲನ್ನು ಪಿನ್ನಿಗೇ ಬಿಟ್ಟುಕೊಟ್ಟೆ.

ಉಳಿದದ್ದು ತುಂಡು. ಇಂಗ್ಲಿಷಿನಲ್ಲಿ ಅದಕ್ಕೆ ಶೂ ಅಂತಲೂ ಹೇಳುವುದುಂಟು. ಓದಿದ ತಕ್ಷಣ ನನಗೆ ಹೊಳೆದದ್ದು ಲಾಳ. ಎತ್ತಿನ ಲಾಳ ಕುದುರೆಯದರ ಹಾಗೆ ಬಳೆಯಂತೆ ಬಾಗಿರುವುದಿಲ್ಲ, ಚಪ್ಪಟೆ ತಗಡು. ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು. ನೆಲಕ್ಕೆ ತಾಗುವುದು ಅದೇ, ಸವೆಯುವುದು ಅದೇ, ಸವೆದರೆ ಬದಲಾಯಿಸುವುದೂ ಅದನ್ನೇ. ಟ್ಯಾಂಕಿನ ತುಂಡೂ ಥೇಟ್ ಹಾಗೇ. ಒಂದೇ ಕೊರತೆ ಅಂದರೆ ಒಂದು ಲಾಳ ಇನ್ನೊಂದಕ್ಕೆ ಜೋಡಿಕೊಳ್ಳುವುದಿಲ್ಲ. 'ಲಾಳಗಳನ್ನು ಕೀಲಿನಿಂದ ಪೋಣಿಸಿದರೆ ಚೈನು' ಅಂತ ಬರೆದು ಓದಿಕೊಂಡೆ. ನನ್ನ ಕಿವಿಗೆ ಚೆನ್ನಾಗಿದೆ. ನಿಮ್ಮ ಕಿವಿಗೆ?

ಬಣ್ಣದ ವಿಷಯಕ್ಕೆ ಬಂದಾಗ ಲಾಳದ ಮೇಲಿನ ನನ್ನ ಒಲವು ಇನ್ನೂ ಜಾಸ್ತಿಯಾಯಿತು. ಹುಡುಗ ಇಡೀ ಚೈನಿಗೆ ಕಿತ್ತಳೆ ಬಣ್ಣದ ತುಕ್ಕು ಬಳಿಯಲು ಹೊರಟಿದ್ದ. ಓಡುವ ಟ್ಯಾಂಕಿನ ಚೈನು ಹಾಗಿರುವುದಿಲ್ಲ. ಸಂದಿಗಳಲ್ಲಿ ಮಣ್ಣು, ಕಂದು ಬಣ್ಣದ ತುಕ್ಕು ಇರುತ್ತದೆ, ನೆಲಕ್ಕೆ ತಾಗುವ ಉಬ್ಬುಗಳು ಉಜ್ಜಿ ಉಜ್ಜಿ ಉಕ್ಕಿನ ಹೊಳಪಿಗೆ ಬಂದಿರುತ್ತವೆ. ದಿನಾ ಉಳುವ ನೇಗಿಲ ಗುಳ, ದಿನಾ ನಡೆಯುವ ಎತ್ತಿನ ಲಾಳ ಹೊಳೆಯುವ ಹಾಗೆ. ಮೂಲೆ ಹಿಡಿದ ಗುಳಕ್ಕೆ ಮಾತ್ರ ಮೈತುಂಬಾ ತುಕ್ಕು. ಇಷ್ಟು ಹೇಳಿದ್ದೇ ತಡ, ಅವನು ಕಡು ಕಂದು ಬಳಿದು, ಒಣಗಿಸಿ, ಪೆನ್ಸಿಲ್ಲಿನ ಸೀಸದ ಪುಡಿಯನ್ನು ಬೆರಳ ತುದಿಗೆ ತೆಗೆದುಕೊಂಡು ಉಬ್ಬುಗಳ ಮೇಲಷ್ಟೇ ಉಜ್ಜಿದ. ಪ್ಲಾಸ್ಟಿಕ್ ಹೋಗಿ ಕಬ್ಬಿಣವಾಯಿತು. ಒಳಬದಿಯಲ್ಲಿ ಗಾಲಿ ಓಡುವ ಜಾಗಕ್ಕೆ ಅಷ್ಟು ಹೊಳಪು ಬೇಡ, ಟಿ-55ರ ಗಾಲಿಗೆ ರಬ್ಬರ್ ಅಂಚಿದೆ. ಅಂದಹಾಗೆ ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗೆ ಕಿಲುಬು. ಇತ್ತೀಚೆಗೆ ಎರಡನ್ನೂ ಕಲಸಿ ಬಳಸುತ್ತಾರೆ. ಬಣ್ಣ ಬಳಿಯುವವರಿಗೆ ಆ ವ್ಯತ್ಯಾಸ ಬೇಕೇ ಬೇಕು, ಒಂದು ಕಂದು, ಇನ್ನೊಂದು ಹಸಿರು.

ಒಂದು ಕಡೆಯಂತೂ ಕನ್ನಡ ತಾನೇ ಮುಂದೆ ಬಂದು ನಿಂತಿತು. ತುಂಡುಗಳನ್ನು ಸಾಲಾಗಿ ಅಂಟಿಸಿದ ಮೇಲೆ ತಕ್ಷಣ ಸುತ್ತಿದರೆ ಬಿಟ್ಟುಹೋಗುತ್ತವೆ. ಪೂರ್ತಿ ಒಣಗಿದರೆ ಬಾಗುವುದಿಲ್ಲ, ಮುರಿಯುತ್ತವೆ. ನಡುವಿನ ಒಂದು ಹೊತ್ತಿನಲ್ಲಿ ಸುತ್ತಬೇಕು. 'ಅಂಟು ಹದಕ್ಕೆ ಬಂದಾಗ' ಅಂತ ಬರೆದೆ, ಒಂದೇ ಮಾತಿನಲ್ಲಿ ಮುಗಿಯಿತು. ಪಾಕದ ಹದ ಗೊತ್ತಿರುವ ಮನೆಯಲ್ಲಿ ಬೇರೆ ವಿವರಣೆ ಬೇಕಾ? ಹಾಗೇ, ಟಿ-55ರಲ್ಲಿ ಚೈನನ್ನು ಮೇಲೆ ಹೊರುವ ಸಣ್ಣ ಉರುಳೆಗಳಿಲ್ಲ, ಅದು ದೊಡ್ಡ ಗಾಲಿಗಳ ಬೆನ್ನ ಮೇಲೇ ಇಳಿದು ಮಲಗುತ್ತದೆ. ಇದಕ್ಕೆ 'ಸಡಿಲ' ಅನ್ನಲು ಮನಸ್ಸಾಗಲಿಲ್ಲ, ಅದು ಕೆಟ್ಟಿದೆ ಅನ್ನುವ ಹಾಗೆ ಕೇಳುತ್ತದೆ. 'ಜೋಲು' ಅಂತ ಬರೆದೆ. ಆ ಜೋಲು ನಿಲ್ಲಲಿ ಅಂತ ಅಂಟು ಒಣಗುವ ತನಕ ಮೇಲೆ ಹತ್ತಿ ತುರುಕಿ ಒಂದು ರಾತ್ರಿ ಬಿಟ್ಟೆವು.

ಇನ್ನು ಪೂರ್ತಿ ಸೋತದ್ದು ಒಂದಿದೆ. ತೀರಾ ತೆಳು ಮಾಡಿದ ಬಣ್ಣವನ್ನು ಹಚ್ಚಿದರೆ ಅದು ಉಬ್ಬುಗಳಿಂದ ಜಾರಿ ಸಂದಿಗಳಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ವಾಶ್ ಅನ್ನುತ್ತಾರೆ. ತೊಳೆ ಅಂದರೆ ಅರ್ಥ ತಿರುಗುಮುರುಗಾಗುತ್ತದೆ. ಸಾರಣೆ ಚಂದದ ಮಾತು, ಆದರೆ ನೆಲ ಸಾರಿಸಿದರೆ ಎಲ್ಲ ಕಡೆ ಒಂದೇ ಸಮ ಕೂರುತ್ತದೆ. ಸದ್ಯಕ್ಕೆ 'ಸಂದಿಗೆ ಬಣ್ಣ ಇಳಿಬಿಡುವುದು' ಅಂತ ಬರೆದಿಟ್ಟಿದ್ದೇನೆ. ಬಡಗಿಗಳು, ವಿಗ್ರಹಕ್ಕೆ ಬಣ್ಣ ಹಾಕುವವರು ಇದಕ್ಕೆ ಏನಂತಾರೆ?

ಕೆಜಿಎಫ್‌ನ ಬೆಮೆಲ್‌ನಲ್ಲಿ ಬುಲ್ಡೋಜರ್ ಕಟ್ಟಿದವರು, ಚೈನ್ ಗಾಡಿ ಓಡಿಸಿದವರು, ಸೇನೆಯಲ್ಲಿ ಟ್ಯಾಂಕಿನ ಜೊತೆ ಇದ್ದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಚೈನಿನ ಒಂದು ತುಂಡು ಸವೆದಾಗ ಪಕ್ಕದವನಿಗೆ ಏನಂತ ಕೂಗಿ ಹೇಳುತ್ತಿದ್ದಿರಿ? ಆ ಪದ ಲಾಳ ಅಲ್ಲದಿದ್ದರೂ ಅದನ್ನೇ ಹಾಕುತ್ತೇನೆ. ಹುಡುಗ ಕಾಯುತ್ತಿದ್ದಾನೆ.