ಸಹಾಯ ಬೇಕು: ಹೋಂಸ್ಟೇ ವೆಬ್‌ಸೈಟ್‌ಗೆ 15,000 ಸಾಕಾ, 70,000 ಬೇಕಾ?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮ ಚಿಕ್ಕಪ್ಪನ ಕಾಫಿ ತೋಟದಲ್ಲಿ ಹೋಂಸ್ಟೇ ಇದೆ. ಅದಕ್ಕೆ ವೆಬ್‌ಸೈಟ್ ಮಾಡಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಚಿಕ್ಕಪ್ಪನ ಬಜೆಟ್ 10,000. "ನಾಲ್ಕು ಫೋಟೋ ಹಾಕೋಕೆ ಅಷ್ಟು ಸಾಲದಾ?" ಅಂತಾರೆ.

ಆದರೆ ಅವರು ಕೇಳುತ್ತಿರುವುದು ಬರೀ ಫೋಟೋ ಅಲ್ಲ. ಯಾವ ದಿನ ಯಾವ ರೂಮ್ ಖಾಲಿ ಅಂತ ಕಾಣಬೇಕು. ಅಡ್ವಾನ್ಸ್ ಆನ್‌ಲೈನ್‌ನಲ್ಲೇ ಬರಬೇಕು. ಬೇರೆ ಬುಕಿಂಗ್ ಆ್ಯಪ್‌ನಲ್ಲಿ ರೂಮ್ ಹೋದರೆ ಇಲ್ಲೂ ತಾನಾಗಿ ಬ್ಲಾಕ್ ಆಗಬೇಕು. ಶನಿವಾರ ದೇವರಮನೆ ಬೆಟ್ಟ ನೋಡೋಕೆ ಬಂದ ಎರಡು ಕುಟುಂಬಕ್ಕೆ ಒಂದೇ ರೂಮ್ ಕೊಟ್ಟರೆ ಗತಿ ಏನು ಹೇಳಿ!

ಹಾಸನದ ಒಬ್ಬ ಫ್ರೀಲಾನ್ಸರ್ ವರ್ಡ್‌ಪ್ರೆಸ್‌ನಲ್ಲಿ (ಸೈಟ್ ಕಟ್ಟುವ ರೆಡಿ ಸಾಫ್ಟ್‌ವೇರ್) 15,000ಕ್ಕೆ ಮಾಡುತ್ತೇನೆ ಎಂದರು. ಬೆಂಗಳೂರಿನ ಇನ್ನೊಬ್ಬರು 70,000 ಅಂದರು, ಅರ್ಧ ಮುಂಗಡ. ಡೊಮೇನ್ (ಸೈಟ್‌ನ ವಿಳಾಸ), ಹೋಸ್ಟಿಂಗ್ (ಸೈಟ್ ಇಡುವ ಜಾಗ) ಹಣ ತೋಟದ ಗೊಬ್ಬರದ ಹಾಗೆ ವರ್ಷ ವರ್ಷ ಹಾಕಬೇಕು ಅಂತ ಚಿಕ್ಕಪ್ಪನನ್ನು ಒಪ್ಪಿಸಿದ್ದೇನೆ. ಕಾರ್ಡ್‌ನಲ್ಲಿ ಹಣ ಬಂದರೆ ಅದನ್ನು ನಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಕಂಪನಿ ಸುಮಾರು ಶೇ. 2 ಹಿಡಿಯುತ್ತದೆ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಅದಕ್ಕೂ ಗೊಣಗುತ್ತಾ ಹೂಂ ಅಂದಿದ್ದಾರೆ.

ನನಗೆ ತಿಳಿಯದೇ ಇರುವುದು ಇಷ್ಟೇ. ಐಕ್ಯಾಲ್ ಲಿಂಕ್ (ಬುಕಿಂಗ್ ದಿನಗಳನ್ನು ಒಂದು ಸೈಟ್‌ನಿಂದ ಇನ್ನೊಂದಕ್ಕೆ ಕೊಡುವ ಲಿಂಕ್) ಮೂಲಕ ಬೇರೆ ಆ್ಯಪ್‌ಗಳ ಕ್ಯಾಲೆಂಡರ್ ಜೋಡಿಸುವ ರೆಡಿ ಪ್ಲಗಿನ್‌ಗಳು, ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್‌ಗಳು, ಇವೆಯಂತೆ. ಹಾಗಾದರೆ 70,000 ಯಾವ ಕೆಲಸಕ್ಕೆ? ಇಲ್ಲ, 15,000ದವರು ಆಮೇಲೆ ಅಪ್‌ಡೇಟ್, ರಿಪೇರಿಗೆ ಕೈಗೆ ಸಿಗುವುದಿಲ್ಲವಾ? ಕೇಳಿದರೆ "ನೋಡೋಣ ಸಾರ್" ಅಂತಾರೆ.

ಈ ಕೆಲಸ ಮಾಡುವವರು ದಯವಿಟ್ಟು ಹೇಳಿ: ಈಗ ಫೋಟೋ, ವಾಟ್ಸಾಪ್ ಬಟನ್, ಯುಪಿಐ ಕ್ಯೂಆರ್ ಮಾತ್ರ ಇಟ್ಟು ಸೈಟ್ ಮಾಡಿಸಿ, ಬುಕಿಂಗ್ ಅನ್ನು ಮುಂದಿನ ವರ್ಷ ಅದೇ ಸೈಟ್‌ಗೆ ಸೇರಿಸಬಹುದಾ? ಅಥವಾ ಆಗ ಎಲ್ಲ ಮೊದಲಿಂದ ಮಾಡಿಸಬೇಕಾ?