'ದೇವತೆ' ಸ್ತ್ರೀಲಿಂಗವೇ? ಪದದ ಮೂಲ ಯಾವುದು?

ಪದಕುತೂಹಲಿ:
'ಇಂದ್ರಾದಿ ದೇವತೆಗಳು' ಎಂದಾಗ ಗಂಡುದೇವರುಗಳೂ ಸೇರುತ್ತಾರೆ. ಒಂಟಿಯಾಗಿ 'ದೇವತೆ' ಎಂದರೆ ಮಾತ್ರ ಹೆಣ್ಣುದೇವರೇ ಕಣ್ಣಮುಂದೆ ಬರುತ್ತದೆ. ಇದು 'ದೇವ' ಪದದ ಸ್ತ್ರೀಲಿಂಗವೇ? ಹಾಗಿದ್ದರೆ 'ದೇವಿ' ಯಾಕೆ ಬೇಕಿತ್ತು?

ಶಬ್ದಶೋಧ:
ದೇವ ಪದದ ಸ್ತ್ರೀಲಿಂಗ 'ದೇವೀ' ಮಾತ್ರ. 'ದೇವತಾ' ಹುಟ್ಟಿದ್ದು ದೇವ + ತಲ್ ಪ್ರತ್ಯಯದಿಂದ (ಪದದಲ್ಲಿ ಇದು 'ತಾ' ಎಂದು ಕಾಣುತ್ತದೆ). ಪಾಣಿನಿಯ 'ದೇವಾತ್ತಲ್' (5.4.27) ಸೂತ್ರ ಇರುವುದೇ ಇದಕ್ಕಾಗಿ. ಈ 'ತಾ' ಲಘುತಾ ಎಂಬಲ್ಲಿ ಭಾವವನ್ನೂ (ಹಗುರವಾಗಿರುವಿಕೆ) ಜನತಾ ಎಂಬಲ್ಲಿ ಸಮೂಹವನ್ನೂ ಹೇಳುತ್ತದೆ. ದೇವತಾ ಎಂಬಲ್ಲಿ ಮಾತ್ರ ಅದು ಸ್ವಾರ್ಥಿಕ, ಅರ್ಥಕ್ಕೆ ಏನನ್ನೂ ಕೂಡಿಸುವುದಿಲ್ಲ. ವೈದಿಕ ಪದಗಳ ಅರ್ಥ, ಮೂಲ ಬಿಡಿಸುವ ಪ್ರಾಚೀನ ಗ್ರಂಥವಾದ ಯಾಸ್ಕನ ನಿರುಕ್ತದಲ್ಲಿ 'ಯೋ ದೇವಃ ಸಾ ದೇವತಾ' ಎಂದಿದೆ: 'ಯಃ' ಪುಲ್ಲಿಂಗ, 'ಸಾ' ಸ್ತ್ರೀಲಿಂಗ, ಸೂಚಿಸುವುದು ಒಬ್ಬನನ್ನೇ. ತಲ್ ಪ್ರತ್ಯಯಾಂತ ಪದಗಳು ಸಂಸ್ಕೃತದಲ್ಲಿ ಸ್ತ್ರೀಲಿಂಗ, ಅಷ್ಟೇ. ಹೆಂಡತಿ ಎಂಬರ್ಥದ 'ದಾರ' ಪುಲ್ಲಿಂಗವಾಗಿರುವ ಭಾಷೆಯಲ್ಲಿ ಇದೇನು ಮಹಾ!

ವೈದಿಕರ ಬಳಕೆ ಇನ್ನೂ ವಿಶಾಲ. ಪ್ರತಿ ಸೂಕ್ತಕ್ಕೂ ಋಷಿ, ಛಂದಸ್ಸು, ದೇವತೆ ಹೇಳುತ್ತಾರಲ್ಲ, ಅಲ್ಲಿ ದೇವತೆ ಎಂದರೆ ಸೂಕ್ತ ಯಾರನ್ನು ಅಥವಾ ಯಾವುದನ್ನು ಕುರಿತದ್ದೋ ಅದು. ಋಗ್ವೇದ 7.103ಕ್ಕೆ ಕಪ್ಪೆಗಳೇ ದೇವತೆ.

ಹಳೆಯ ಓದುಗ:
'ದೇವ' ಪದದ ಮೂಲದ ಬಗ್ಗೆ: ಯಾಸ್ಕ ದಾನ (ಕೊಡುವುದು), ದೀಪನ (ಬೆಳಗಿಸುವುದು), ದ್ಯೋತನ (ಹೊಳೆಯುವುದು), ದ್ಯುಸ್ಥಾನ (ಆಕಾಶದಲ್ಲಿ ನೆಲೆ) ಎಂದು ನಾಲ್ಕು ನಿರ್ವಚನ, ಅಂದರೆ ಪದ ಹುಟ್ಟಿದ ಬಗೆಯ ವಿವರಣೆ ಕೊಡುತ್ತಾನೆ. ಇಂದಿನ ಭಾಷಾವಿಜ್ಞಾನ ಒಪ್ಪುವುದು ಬೆಳಕು, ಆಕಾಶಗಳ ನಂಟನ್ನು. ಲ್ಯಾಟಿನ್‌ನ 'ದೇಉಸ್', ಲಿಥುವೇನಿಯನ್‌ನ 'ದಿಯೇವಸ್' ಇದೇ ಕುಲದವು. ಗ್ರೀಕಿನ 'ಥೆಯೋಸ್' ಹತ್ತಿರದ್ದೆನಿಸಿದರೂ ನೆಂಟನಲ್ಲ. ದೇವ ಕುಲದ ಗ್ರೀಕ್ ಪದ 'ಜ್ಯೂಸ್', ಅದು ನಮ್ಮ 'ದ್ಯೌಃ' (ಆಕಾಶ). ಪಾರಸಿಗಳ ಧರ್ಮಗ್ರಂಥ ಅವೆಸ್ತಾದಲ್ಲಂತೂ ಎಲ್ಲ ತಿರುಗುಮುರುಗು: 'ದಎವ' ಕೆಟ್ಟ ಶಕ್ತಿ, 'ಅಹುರ' (ನಮ್ಮ ಅಸುರ) ಪೂಜ್ಯ. ಋಗ್ವೇದದಲ್ಲೂ ವರುಣನಿಗೆ 'ಅಸುರ' ಗೌರವದ ವಿಶೇಷಣವೇ. ಆಮೇಲಿನವರು ಅದನ್ನು ಅ + ಸುರ ಎಂದು ಒಡೆದರು, 'ಸುರ' ಹುಟ್ಟಿದ್ದು ಹಾಗೆ.

ಕಾಗುಣಿತ:
ಕನ್ನಡದ ಮಾತಿಗೆ ಬಂದರೆ, ಮಾಲಾ ಮಾಲೆಯಾದಂತೆ ದೇವತಾ ದೇವತೆಯಾಯಿತು. ಕನ್ನಡದಲ್ಲಿ ಲಿಂಗ ಅರ್ಥದ ಬೆನ್ನುಹತ್ತುವುದರಿಂದ 'ದೇವತೆ ಒಲಿದಳು', 'ದೇವತೆ ಒಲಿಯಿತು' ಎರಡೂ ಸರಿ. ವ್ಯಾಕರಣದಲ್ಲಿ ಇದಕ್ಕೆ ಸ್ತ್ರೀನಪುಂಸಕಲಿಂಗ ಎಂದು ಹೆಸರು. ಹೆಚ್ಚಿನವರು ಎಡವುವುದು ಸಮಾಸದಲ್ಲಿ. ಸಂಸ್ಕೃತ ಪದದೊಡನೆ ಸೇರಿಸುವಾಗ ಆಕಾರ ಉಳಿಯಬೇಕು: ದೇವತಾಕಾರ್ಯ, ದೇವತಾಮೂರ್ತಿ. 'ದೇವತೆಕಾರ್ಯ' ತಪ್ಪು. ಕೊನೆಯ ಪದವಾಗಿ ಬಂದಾಗ ಮಾತ್ರ ಗ್ರಾಮದೇವತೆ, ಅಧಿದೇವತೆ.

ಪದಕುತೂಹಲಿ:
ಹಾಗಾದರೆ 'ಅಗ್ನಿದೇವತೆ ಒಲಿದನು'?

ಕಾಗುಣಿತ:
ಕಿವಿಗೆ ಒರಟು. 'ಅಗ್ನಿದೇವ ಒಲಿದನು' ಎನ್ನಿ. ದೇವತೆಯೇ ಬೇಕಿದ್ದರೆ 'ಒಲಿಯಿತು'. ಬಹುವಚನದಲ್ಲಿ ಈ ತೊಡಕಿಲ್ಲ, 'ದೇವತೆಗಳು ಒಲಿದರು' ಎಲ್ಲರಿಗೂ ಸಲ್ಲುತ್ತದೆ.