ಬೂಸ್ಟ್ ತಾಳಬಲ್ಲ ಕ್ರೇಟ್ ಎಂಜಿನ್: ಎಲ್‌ಎಸ್3 ಸಾಕೇ, ಬೇರೆಯದೇ ಬೇಕೇ?

ಪ್ರಶ್ನೆ

ಎರಡು ವರ್ಷಗಳಿಂದ ಹಳೆಯ ಕಾರೊಂದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಈಗ ಎಂಜಿನ್ ಆರಿಸಬೇಕಾದ ಹಂತ ಬಂದಿದೆ. ಜನರಲ್ ಮೋಟರ್ಸ್‌ನ 6.2 ಲೀಟರಿನ ಎಲ್‌ಎಸ್3 ಕ್ರೇಟ್ ಎಂಜಿನ್ (ಕಾರ್ಖಾನೆಯಲ್ಲೇ ಜೋಡಿಸಿ ಪೆಟ್ಟಿಗೆಯಲ್ಲಿ ಮಾರುವ ಹೊಸ ಎಂಜಿನ್) ತಂದು, ಮೊದಲ ವರ್ಷ ಅದನ್ನು ಇದ್ದಂತೆಯೇ ಓಡಿಸಿ, ಆಮೇಲೆ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ (ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಗಾಳಿಯನ್ನು ಒಳಕ್ಕೆ ಒತ್ತುವ ಸಾಧನ) ಕೂಡಿಸಿ 8 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬೂಸ್ಟಿನಲ್ಲಿ, ಅಂದರೆ ವಾಯುವಿನ ಒತ್ತಡಕ್ಕಿಂತ ಅಷ್ಟು ಹೆಚ್ಚಿನ ಒತ್ತಡದಲ್ಲಿ, 600 ಅಶ್ವಶಕ್ತಿಯ ಆಸುಪಾಸು ತಲುಪಬೇಕೆಂಬುದು ನನ್ನ ಯೋಜನೆ. ಇದರ ಮೂಲ ಶಕ್ತಿ 430, ಕಂಪ್ರೆಷನ್ ಅನುಪಾತ (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬುದು) 10.7:1, ಪಿಸ್ಟನ್‌ಗಳು ಎರಕದವು. ಇದೇ ಎಂಜಿನ್ ಸಾಕೇ, ಅಥವಾ ಮೊದಲೇ ಬೂಸ್ಟಿಗಾಗಿ ಕಟ್ಟಿದ ಎಂಜಿನ್ನನ್ನೇ ಕೊಳ್ಳಬೇಕೇ? ಹೊಸ ಎಂಜಿನ್ನನ್ನು ಮರುವರ್ಷವೇ ಬಿಚ್ಚಿ ಪಿಸ್ಟನ್ ಬದಲಿಸುವುದಾದರೆ ಕ್ರೇಟ್ ಎಂಜಿನ್ ಕೊಂಡ ಉದ್ದೇಶವೇ ಕೈಬಿಟ್ಟಂತಾಗುತ್ತದೆ ಎಂಬುದು ನನ್ನ ಅಳುಕು.

ಮೊದಲ ಉತ್ತರ

ನಾನು ಎಂಜಿನ್ ಕಟ್ಟುವ ಕೆಲಸದಲ್ಲಿರುವವನು. ಕ್ರೇಟ್ ಎಂಜಿನ್ ಆರಿಸುವಾಗ ಅಶ್ವಶಕ್ತಿಯ ಅಂಕಿಯನ್ನು ಕೊನೆಗೆ ನೋಡಿ. ಪಿಸ್ಟನ್ ಯಾವುದು, ಅದರ ಸುತ್ತ ಕೂರುವ ರಿಂಗಿನ ಸಂದು ಎಷ್ಟು, ಕಂಪ್ರೆಷನ್ ಎಷ್ಟು ಎಂಬುದನ್ನು ಮೊದಲು ನೋಡಿ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡ 14.7 ಪಿಎಸ್‌ಐ, ಅದಕ್ಕೆ 8 ಕೂಡಿದರೆ 22.7, ಅಂದರೆ ಮೊದಲಿನ 1.54 ಪಟ್ಟು. ಆದರ್ಶ ಲೆಕ್ಕದಲ್ಲಿ 430 ಅಶ್ವಶಕ್ತಿ 660 ದಾಟಬೇಕು. ಆದರೆ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ, ಸೂಪರ್‌ಚಾರ್ಜರನ್ನು ತಿರುಗಿಸಲೂ ಎಂಜಿನ್ನಿನ ಶಕ್ತಿಯೇ ಖರ್ಚಾಗುತ್ತದೆ. ಆದ್ದರಿಂದ 600 ಎಂಬ ನಿಮ್ಮ ಗುರಿ ವಾಸ್ತವಕ್ಕೆ ಹತ್ತಿರವಾಗಿಯೇ ಇದೆ. ಈ ಮಟ್ಟಕ್ಕೆ ಎಲ್‌ಎಸ್3ರ ಬ್ಲಾಕ್ ಹೆದರುವುದಿಲ್ಲ, ಕ್ರ್ಯಾಂಕ್‌ಶಾಫ್ಟ್ ಕೂಡ ಹೆದರುವುದಿಲ್ಲ. ಮೊದಲು ಸೋಲುವುದು ಪಿಸ್ಟನ್ನಿನ ಮೇಲಿನ ಅಂಚು.

ಅದರ ಪಿಸ್ಟನ್ನಿನ ಅಲ್ಯೂಮಿನಿಯಮ್ಮಿನಲ್ಲಿ ಸಿಲಿಕಾನ್ ಹೆಚ್ಚು. ಬಿಸಿಯಲ್ಲಿ ಅದು ಕಡಿಮೆ ಹಿಗ್ಗುತ್ತದೆ, ಬೋರಿನಲ್ಲಿ (ಸಿಲಿಂಡರಿನ ಒಳರಂಧ್ರದಲ್ಲಿ) ಬಿಗಿಯಾಗಿ ಕೂರುತ್ತದೆ, ಸದ್ದಿಲ್ಲದೆ ಓಡುತ್ತದೆ; ಆದರೆ ಪೆಡಸು. ಫೋರ್ಜ್ ಮಾಡಿದ (ಲೋಹವನ್ನು ಬಲವಾಗಿ ಒತ್ತಿ ರೂಪಿಸಿದ) ಪಿಸ್ಟನ್ ನಾಕಿಂಗಿನ (ಮಿಶ್ರಣ ತಾನಾಗಿಯೇ ಸಿಡಿಯುವುದರ) ಒಂದೆರಡು ಏಟುಗಳನ್ನು ಸಹಿಸಿಕೊಂಡೀತು, ಇದು ಚಕ್ಕೆಯೇಳುತ್ತದೆ. ರಿಂಗಿನ ವಿಷಯ ಇನ್ನೂ ಸೂಕ್ಷ್ಮ. 103 ಮಿಲಿಮೀಟರಿನ ಈ ಬೋರಿನಲ್ಲಿ ಬೂಸ್ಟ್ ಇಲ್ಲದಿದ್ದರೆ ಮೇಲಿನ ರಿಂಗಿನ ಎರಡು ತುದಿಗಳ ನಡುವೆ ಸುಮಾರು 0.45 ಮಿಲಿಮೀಟರ್ ಸಂದು ಸಾಕು, ಬೂಸ್ಟಿಗೆ 0.6 ಅಥವಾ ಅದಕ್ಕಿಂತ ಹೆಚ್ಚು ಬೇಕು. ಸಂದು ಕಡಿಮೆಯಿದ್ದರೆ ಕಾದ ರಿಂಗಿನ ತುದಿಗಳು ಒಂದಕ್ಕೊಂದು ತಾಗಿ, ಮುಂದೆ ಹಿಗ್ಗಲು ಜಾಗವಿಲ್ಲದೆ, ಪಿಸ್ಟನ್ನಿನ ಅಂಚನ್ನೇ ಕಿತ್ತು ಮೇಲೆತ್ತುತ್ತವೆ. ಅಂಥ ಪಿಸ್ಟನ್‌ಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ: ತಲೆಯ ಮೇಲೆ ಸುಟ್ಟ ಗುರುತೇ ಇರುವುದಿಲ್ಲ, ಅಂಚಿನಲ್ಲಿ ಮಾತ್ರ ಉಗುರಿನಷ್ಟು ತುಂಡು ಹಾರಿಹೋಗಿರುತ್ತದೆ, ರಿಂಗಿನ ಎರಡೂ ತುದಿಗಳು ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿರುತ್ತವೆ. ಹಾಗಾಗಿ ಬೂಸ್ಟ್ ಖಚಿತವಾಗಿದ್ದರೆ 9:1ರ ಸುತ್ತಮುತ್ತಲಿನ ಕಂಪ್ರೆಷನ್ ಮತ್ತು ಫೋರ್ಜ್ಡ್ ಪಿಸ್ಟನ್ ಇರುವ ಎಂಜಿನ್ನನ್ನೇ ಕೊಳ್ಳಿ ಎಂಬುದು ನನ್ನ ಸಲಹೆ.

ಎರಡನೆಯ ಉತ್ತರ

ಮೇಲಿನವರ ಮಾತು ಸರಿಯೇ, ಆದರೆ ತೀರ್ಪನ್ನು ನಾನು ಪೂರ್ತಿ ಒಪ್ಪುವುದಿಲ್ಲ. 8 ಪಿಎಸ್‌ಐ ಒಳಗೆ, ಅದರಲ್ಲೂ ಸೆಂಟ್ರಿಫ್ಯೂಗಲ್‌ನಲ್ಲಿ, ಎಲ್‌ಎಸ್3 ಬಾಳುತ್ತದೆ. ಈ ಬಗೆಯ ಸೂಪರ್‌ಚಾರ್ಜರಿನ ಬೂಸ್ಟ್ ಎಂಜಿನ್ನಿನ ವೇಗದೊಂದಿಗೆ ಏರುತ್ತದೆ. ಸಣ್ಣ ಟರ್ಬೊದಂತೆ ಕಡಿಮೆ ವೇಗದಲ್ಲೇ ಪೂರ್ತಿ ಒತ್ತಡ ತಂದು, ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ರಾಡ್‌ಗಳನ್ನು ಹಿಂಡುವುದಿಲ್ಲ. ಕೊಲ್ಲುವುದು ಬೂಸ್ಟ್ ಅಲ್ಲ, ನಾಕಿಂಗ್.

ಇದನ್ನು ನಾನು ಕಲಿತದ್ದು ನಷ್ಟದಿಂದ. ನನ್ನ ಎಂಜಿನ್ನಿನ ಏಳನೆಯ ಸಿಲಿಂಡರಿನ ಪಿಸ್ಟನ್ ಒಡೆದಾಗ ಬೂಸ್ಟ್ ಇದ್ದದ್ದು ಕೇವಲ 6 ಪಿಎಸ್‌ಐ. ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಗಸಗಸೆಯಂಥ ಬೂದು ಚುಕ್ಕೆಗಳಿದ್ದವು. ಅದು ಪಿಸ್ಟನ್ನಿನಿಂದ ಕರಗಿ ಸಿಡಿದ ಅಲ್ಯೂಮಿನಿಯಂ. ಹುಡುಕುತ್ತ ಹೋದಾಗ, ಹೆಚ್ಚಿನ ವೇಗದಲ್ಲಿ ಇಂಧನ ಪಂಪು ಒತ್ತಡ ಉಳಿಸಿಕೊಳ್ಳಲಾರದೆ ಮಿಶ್ರಣ ತೆಳುವಾಗುತ್ತಿದ್ದದ್ದು ತಿಳಿಯಿತು.

ಆದ್ದರಿಂದ ಇಂಧನದ ಲೆಕ್ಕವನ್ನು ಮೊದಲೇ ಮಾಡಿ. ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.65 ಪೌಂಡ್ ಪೆಟ್ರೋಲ್ ಎಂದು ಹಿಡಿದರೆ, 600ಕ್ಕೆ 390 ಪೌಂಡ್. ಎಂಟು ಇಂಜೆಕ್ಟರ್‌ಗಳಿಗೆ (ಇಂಧನ ಚಿಮ್ಮಿಸುವ ನಳಿಕೆಗಳಿಗೆ) ಹಂಚಿ, ಅವು ಶೇಕಡಾ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂದರೆ, ಒಂದೊಂದೂ ಗಂಟೆಗೆ 61 ಪೌಂಡ್ ಕೊಡಬಲ್ಲದ್ದಾಗಿರಬೇಕು. ಎಲ್‌ಎಸ್3ರ ಜೊತೆ ಬರುವವು ಸುಮಾರು 42ರವು. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, 1 ಬಾರ್ (ಸುಮಾರು 14.5 ಪಿಎಸ್‌ಐ) ಮೀರಿ ಅಳೆಯಬಲ್ಲ ಮ್ಯಾಪ್ ಸೆನ್ಸರ್ (ಒಳಬರುವ ಗಾಳಿಯ ಒತ್ತಡದ ಅಳತೆಗಾರ), ಬೂಸ್ಟಿನಲ್ಲಿ ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆಳೆಯುವ ಟ್ಯೂನ್ (ಎಂಜಿನ್ ಕಂಪ್ಯೂಟರಿನ ಹೊಂದಿಕೆ), ಇವಿಲ್ಲದೆ ಫೋರ್ಜ್ಡ್ ಪಿಸ್ಟನ್ ಕೂಡ ಉಳಿಯುವುದಿಲ್ಲ.

ಮೂರನೆಯ ಉತ್ತರ

ಯಾರೂ ಹೇಳದ ಒಂದು ಅಂಶ: ಎಲ್‌ಎಸ್ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಪುಲ್ಲಿಗೆ (ಬೆಲ್ಟ್ ತಿರುಗಿಸುವ ಚಕ್ರಕ್ಕೆ) ಜಾರದಂತೆ ತಡೆಯುವ ಲೋಹದ ಕೀಲಿಯಿಲ್ಲ, ಬಿಗಿಯಾದ ಹಿಡಿತ ಮತ್ತು ನಡುವಿನ ಬೋಲ್ಟಿನ ಬಲವೇ ಅದನ್ನು ನಿಲ್ಲಿಸಿರುತ್ತದೆ. ಸೂಪರ್‌ಚಾರ್ಜರಿನ ಬೆಲ್ಟ್ ಜಗ್ಗಿದಾಗ ಅದು ಜಾರಬಹುದು. ಎಂಜಿನ್ ಇನ್ನೂ ಸ್ಟ್ಯಾಂಡಿನ ಮೇಲಿರುವಾಗಲೇ ಪಿನ್ ಹಾಕಿಸಿಬಿಡಿ.

ಬೂಸ್ಟಿಗಾಗಿಯೇ ಕಟ್ಟಿದವು ಬೇಕೆಂದರೆ ಷೆವರ್ಲೆಯ ಎಲ್‌ಎಸ್ಎಕ್ಸ್376 ಸಾಲಿನಲ್ಲಿ ಬಿ8 ಮತ್ತು ಬಿ15 ಎಂಬ ಎರಡು ಇವೆ; 'ಬಿ'ಯ ಮುಂದಿನ ಅಂಕಿಯೇ ಅವು ತಾಳುವ ಬೂಸ್ಟ್, ಪಿಎಸ್‌ಐಯಲ್ಲಿ. ಬ್ಲಾಕ್ ಎರಕದ ಕಬ್ಬಿಣದ್ದಾದ್ದರಿಂದ ತೂಕ ಹೆಚ್ಚು. ಫೋರ್ಡ್ ಕಡೆಗೆ ಒಲವಿದ್ದರೆ 5.0 ಅಲ್ಯೂಮಿನೇಟರ್ ಎಸ್‌ಸಿ ನೋಡಿ: ಕಂಪ್ರೆಷನ್ 9.5:1, ಪಿಸ್ಟನ್ ಮತ್ತು ರಾಡ್ ಎರಡೂ ಫೋರ್ಜ್ಡ್.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. 8ರ ಮೇಲೆ ಹೋಗುವ ಆಸೆ ನನಗಿಲ್ಲ. ಹಾಗಿದ್ದರೆ ಎಲ್‌ಎಸ್3 ತೆಗೆದುಕೊಂಡು, ಓಡಿಸುವ ಮೊದಲೇ ರಿಂಗುಗಳನ್ನು ಮಾತ್ರ ಸರಿಪಡಿಸಬಹುದೇ?

ಮೊದಲ ಉತ್ತರ ಬರೆದವರು

ಮಾಡಬಹುದು, ಆದರೆ ಬಿಚ್ಚಿದೊಡನೆ ತಯಾರಕರ ವಾರಂಟಿ ಹೋಗುತ್ತದೆ ಎಂದೇ ತಿಳಿಯಿರಿ. ಹೆಡ್ ತೆಗೆದು ಪಿಸ್ಟನ್ ಹೊರಗೆಳೆದ ಮೇಲೆ ಹಳೆಯ ಎರಕದ ಪಿಸ್ಟನ್ನನ್ನೇ ಮರಳಿ ಕೂರಿಸುವುದು ಕೈಗೆ ಬಂದ ಅವಕಾಶ ಬಿಟ್ಟಂತೆ; ಅಷ್ಟು ಕೆಲಸದಲ್ಲೇ ಫೋರ್ಜ್ಡ್ ಪಿಸ್ಟನ್ ಹಾಕಿ ಕಂಪ್ರೆಷನ್ ಕೂಡ ಇಳಿಸಬಹುದು. ಬಿಚ್ಚಲು ಮನಸ್ಸಿಲ್ಲದಿದ್ದರೆ 6 ಪಿಎಸ್‌ಐಗೆ ನಿಲ್ಲಿ, 550ರ ಸುತ್ತಮುತ್ತ ತೃಪ್ತಿಪಡಿ. 600 ಬೇಕೇ ಬೇಕೆಂದಾದರೆ ಎಲ್‌ಎಸ್3 ಜೊತೆಗೆ ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಕೂಲಿ ಇವೆಲ್ಲ ಸೇರಿ ಎಷ್ಟಾಗುತ್ತದೆ ಎಂದು ಕೂಡಿಸಿ, ಬಿ8ರ ಬೆಲೆಯ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಆರ್ಡರ್ ಮಾಡಿ.